ಕರ್ನಲ್‌ನಿಂದ ಒಂದು ಐಪಿ ವಿಳಾಸ ಪ್ರಿಂಟ್ ಮಾಡುವುದು: ನಿಪ್‌ಕ್ವಾಡ್ ಮ್ಯಾಕ್ರೋದಿಂದ %ಪಿಐ4ರವರೆಗೆ

ಕೆಲಸ ಬಹಳ ಚಿಕ್ಕದು. ಫೈರ್‌ವಾಲ್ ಒಂದು ಪ್ಯಾಕೆಟ್ ತಡೆದಿದೆ. ಅದು ಎಲ್ಲಿಂದ ಬಂತು ಅಂತ ಕರ್ನಲ್ ಲಾಗ್‌ನಲ್ಲಿ 192.168.1.10 ಎಂದು ಕಾಣಬೇಕು. ಮಾಮೂಲಿ ಪ್ರೋಗ್ರಾಮ್‌ನಲ್ಲಿ ಲೈಬ್ರರಿಯ ಒಂದು ಫಂಕ್ಷನ್ ಕರೆದರೆ ಮುಗಿಯಿತು. ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿ, ಈ ಒಂದು ಸಾಲು ಸರಿಯಾಗಲು ಹಲವು ವರ್ಷ ಹಿಡಿಯಿತು. ಮೊದಲು ಮ್ಯಾಕ್ರೋ (ಕಂಪೈಲ್ ಆಗುವ ಮುಂಚೆ ತನ್ನ ಜಾಗದಲ್ಲಿ ಕೋಡ್ ತುಂಬುವ ಹೆಸರು) ಬಂತು, ಆಮೇಲೆ ಬಫರ್ (ಅಕ್ಷರ ಬರೆದಿಡುವ ತಾತ್ಕಾಲಿಕ ಜಾಗ) ಬಂತು. ಕೊನೆಗೆ 2008ರಲ್ಲಿ ಯಾರೂ ಅಷ್ಟಾಗಿ ಗಮನಿಸದಿದ್ದ ಒಂದು ಸಂದಿಯಿಂದ ಉತ್ತರ ಬಂತು. ಕರ್ನಲ್‌ಗೆ ಫಾರ್ಮ್ಯಾಟ್ ಮ್ಯಾಕ್ರೋ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಮೊದಲು ಕರ್ನಲ್‌ನ ಕಟ್ಟುಪಾಡುಗಳನ್ನು ನೋಡೋಣ. ಅಲ್ಲಿ ಸಿ ಲೈಬ್ರರಿ ಇಲ್ಲ. ಇರುವುದು ಲಾಗ್‌ಗೆ ಬರೆಯುವ ಪ್ರಿಂಟ್‌ಕೆ ಎಂಬ ಫಂಕ್ಷನ್, ಅದರ ಹಿಂದೆ ಫಾರ್ಮ್ಯಾಟ್ ಸ್ಟ್ರಿಂಗ್ (ಯಾವ ಆರ್ಗ್ಯುಮೆಂಟ್ ಎಲ್ಲಿ, ಹೇಗೆ ಕಾಣಬೇಕು ಎಂದು % ಗುರುತುಗಳಿಂದ ಹೇಳುವ ಪಠ್ಯ) ಬಿಡಿಸುವ ಕರ್ನಲ್‌ನದೇ ಕೋಡ್. ಈ ಕೋಡ್ ಲಿಬ್ ಫೋಲ್ಡರಿನ ವಿಎಸ್‌ಪ್ರಿಂಟ್‌ಎಫ್ ಎಂಬ ಒಂದೇ ಫೈಲಿನಲ್ಲಿದೆ. ಲಾಗ್ ಸಾಲು ಇಂಟರಪ್ಟ್ ನಡುವೆಯೂ ಬರಬಹುದು, ಯಂತ್ರ ಸಾಯುವ ಗಳಿಗೆಯಲ್ಲೂ ಬರಬಹುದು. ಹಾಗಾಗಿ ಮೆಮೊರಿ ಕೇಳಿಕೊಂಡು ಕಾಯುವ ಹಾಗಿಲ್ಲ. ಸ್ಟ್ಯಾಕ್ (ಓಡುತ್ತಿರುವ ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿ) ಮೇಲೆ ಬಫರ್ ಇಡೋಣ ಅಂದರೆ ಅಲ್ಲೂ ಜಾಗ ಕಮ್ಮಿ. 64 ಬಿಟ್ ಎಕ್ಸ್86 ಯಂತ್ರದಲ್ಲಿ ಆಗ ಒಂದು ಥ್ರೆಡ್‌ಗೆ ಸಿಗುತ್ತಿದ್ದ ಕರ್ನಲ್ ಸ್ಟ್ಯಾಕ್ ಬರೀ 8 ಕಿಲೋಬೈಟ್. ಅದು 16ಕ್ಕೆ ಏರಿದ್ದು 2014ರಲ್ಲಿ.

ಇದರ ಜೊತೆಗೆ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನ ತಪಾಸಣೆ ಇದೆ. ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪ್ರಿಂಟ್‌ಕೆ ಫಂಕ್ಷನ್‌ಗೆ ಒಂದು ಗುರುತು ಅಂಟಿಸಿರುತ್ತಾರೆ: "ಇದು ಪ್ರಿಂಟ್‌ಎಫ್ ಜಾತಿಯದು, ಫಾರ್ಮ್ಯಾಟ್ ಸ್ಟ್ರಿಂಗ್‌ಗೂ ಆರ್ಗ್ಯುಮೆಂಟ್‌ಗಳಿಗೂ ತಾಳೆ ನೋಡು" ಅಂತ. ಸಂಖ್ಯೆ ಬೇಡುವ %ಡಿ ಇರುವ ಕಡೆ ಸ್ಟ್ರಿಂಗ್ ಕೊಟ್ಟರೆ ಜಿಸಿಸಿ ಎಂಬ ಕಂಪೈಲರ್ ತಕ್ಷಣ ವಾರ್ನಿಂಗ್ ಕೊಡುತ್ತದೆ. ಇದನ್ನು ಸುಮ್ನೆ ಬಿಟ್ಟುಕೊಡುವ ಹಾಗಿಲ್ಲ. ಕರ್ನಲ್‌ನಲ್ಲಿ ತಪ್ಪು ಫಾರ್ಮ್ಯಾಟ್ ಅಂದರೆ ಬರೀ ಅಸಂಬದ್ಧ ಅಕ್ಷರ ಬರುವುದಲ್ಲ, ಇಡೀ ಯಂತ್ರವೇ ಬಿದ್ದುಹೋಗಬಹುದು.

ನಿಪ್‌ಕ್ವಾಡ್ ಕಾಲ

ಹಳೆಯ ಉಪಾಯ ಎರಡು ಮ್ಯಾಕ್ರೋಗಳ ಜೋಡಿ. ನಿಪ್‌ಕ್ವಾಡ್_ಎಫ್‌ಎಂಟಿ ಅಂದರೆ "%ಯು.%ಯು.%ಯು.%ಯು" ಎಂಬ ಸ್ಟ್ರಿಂಗ್. ನಿಪ್‌ಕ್ವಾಡ್(ವಿಳಾಸ) ಅಂದರೆ ಆ ವಿಳಾಸದ ನಾಲ್ಕು ಬೈಟುಗಳನ್ನು ಬಿಡಿಸಿ, ನಡುವೆ ಅಲ್ಪವಿರಾಮ ಹಾಕಿ ಕೊಡುವ ಮ್ಯಾಕ್ರೋ. ಬಳಸುವಾಗ ಹೀಗೆ:

ಪ್ರಿಂಟ್‌ಕೆ(ಕರ್ನ್_ಇನ್ಫೋ "ಎಲ್ಲಿಂದ: " ನಿಪ್‌ಕ್ವಾಡ್_ಎಫ್‌ಎಂಟಿ, ನಿಪ್‌ಕ್ವಾಡ್(ಮೂಲ));

ಸಿ ಭಾಷೆಯಲ್ಲಿ ಅಕ್ಕಪಕ್ಕದ ಸ್ಟ್ರಿಂಗ್‌ಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. ಅದನ್ನೇ ನಂಬಿ ಕಟ್ಟಿದ ಉಪಾಯ ಇದು. ಸಂದೇಶದ ಆದ್ಯತೆ ಹೇಳುವ ಕರ್ನ್_ಇನ್ಫೋ ಕೂಡ ಹಾಗೇ: ಅದರ ನಂತರ ಅಲ್ಪವಿರಾಮ ಇಲ್ಲ, ಯಾಕೆಂದರೆ ಅದೂ ಒಂದು ಸ್ಟ್ರಿಂಗ್. ಹೊಸಬರು ಅಲ್ಲೊಂದು ಅಲ್ಪವಿರಾಮ ಹಾಕಿಬಿಡುತ್ತಾರೆ. ಆಗ ಬರೀ ಆದ್ಯತೆಯ ಗುರುತೇ ಫಾರ್ಮ್ಯಾಟ್ ಸ್ಟ್ರಿಂಗ್ ಆಗಿ, ನಿಜವಾದ ಸಂದೇಶ ಹೆಚ್ಚುವರಿ ಆರ್ಗ್ಯುಮೆಂಟ್ ಆಗಿ ಬಿದ್ದುಹೋಗುತ್ತದೆ. ಜಿಸಿಸಿ ಇದನ್ನು ಹಿಡಿಯುತ್ತದೆ, ಪುಣ್ಯಕ್ಕೆ.

ನಿಪ್‌ಕ್ವಾಡ್ ಕೆಟ್ಟ ಉಪಾಯ ಅಂತ ಹೇಳಲಾರೆ. ಜಿಸಿಸಿಯ ತಪಾಸಣೆ ಪೂರ್ತಿ ಉಳಿಯುತ್ತಿತ್ತು. ನಾಲ್ಕು %ಯು, ನಾಲ್ಕು ಸಂಖ್ಯೆ, ತಾಳೆ ಸರಿ. ತೊಂದರೆ ಮ್ಯಾಕ್ರೋದ ಹೊಟ್ಟೆಯೊಳಗಿತ್ತು. ಅದು ಕೊಟ್ಟ ಹೆಸರಿನ ಮುಂದೆ & ಹಾಕಿ ಅದರ ಪಾಯಿಂಟರ್ (ಮೆಮೊರಿಯಲ್ಲಿ ಅದು ಇರುವ ಜಾಗದ ಗುರುತು) ಪಡೆದು, ಅದನ್ನು ಬೈಟುಗಳ ಪಾಯಿಂಟರ್ ಅಂತ ಬಲವಂತವಾಗಿ ತಿರುಗಿಸಿ, 0ರಿಂದ 3ರವರೆಗಿನ ಬೈಟು ಓದುತ್ತಿತ್ತು. ವಿಳಾಸ ಇರುವ ವೇರಿಯಬಲ್ ಕೊಟ್ಟರೆ ಸರಿ. ಆದರೆ ವಿಳಾಸಕ್ಕೆ ಪಾಯಿಂಟರ್ ಕೊಟ್ಟರೆ?

ಆಗಲೂ ಕಂಪೈಲ್ ಆಗುತ್ತದೆ, ಒಂದೇ ಒಂದು ವಾರ್ನಿಂಗ್ ಇಲ್ಲದೆ. & ಈಗ ಪಾಯಿಂಟರ್ ವೇರಿಯಬಲ್ಲಿನ ಜಾಗವನ್ನೇ ತೋರಿಸುತ್ತದೆ. ಹಾಗಾಗಿ ಪಾಯಿಂಟರಿನ ಮೊದಲ ನಾಲ್ಕು ಬೈಟು ಪ್ರಿಂಟ್ ಆಗುತ್ತವೆ. ಪಾಯಿಂಟರಿನ ಕೊನೆಯ ಎಂಟು ಹೆಕ್ಸ್ ಅಂಕಿ 12345678 ಅಂತಿಟ್ಟುಕೊಳ್ಳಿ. ಎಕ್ಸ್86 ಯಂತ್ರದಲ್ಲಿ ಚಿಕ್ಕ ಬೈಟು ಮೊದಲು ಬರುವುದರಿಂದ ಲಾಗ್‌ನಲ್ಲಿ ಕಾಣುವುದು 120.86.52.18. ನೋಡಲು ಅಪ್ಪಟ ಐಪಿ ವಿಳಾಸ! ಯಾರಿಗೂ ಅನುಮಾನ ಬರುವುದಿಲ್ಲ. ಆ ವಿಳಾಸವನ್ನು ನೆಟ್‌ವರ್ಕ್‌ನಲ್ಲಿ ಹುಡುಕುತ್ತಾ ಕೂರಬೇಕು. ಫಂಕ್ಷನ್‌ಗೆ ನಾಲ್ಕು ಬೈಟಿನ ಅರೇ ಕಳಿಸಿದರೂ ಇದೇ ಪಾಡು. ಸಿ ಭಾಷೆಯಲ್ಲಿ ಅರೇ ಪ್ಯಾರಾಮೀಟರ್ ಒಳಗೆ ಬರುವಷ್ಟರಲ್ಲಿ ಪಾಯಿಂಟರ್ ಆಗಿಬಿಟ್ಟಿರುತ್ತದೆ. ಫಂಕ್ಷನ್ ಹೊರಗೆ ಸರಿಯಿದ್ದ ಸಾಲು, ಅದೇ ಹೆಸರಿನಲ್ಲಿ ಫಂಕ್ಷನ್ ಒಳಗೆ ತಪ್ಪಾಗುತ್ತಿತ್ತು.

ಇದರ ಪಕ್ಕದಲ್ಲೇ ಹಿಪ್‌ಕ್ವಾಡ್ ಅಂತ ಇನ್ನೊಂದಿತ್ತು. ನಿಪ್‌ನ ಎನ್ ಅಂದರೆ ನೆಟ್‌ವರ್ಕ್‌ನ ಬೈಟ್ ಕ್ರಮ, ಹಿಪ್‌ನ ಎಚ್ ಅಂದರೆ ಆ ಯಂತ್ರದ ಸ್ವಂತ ಕ್ರಮ. ಎಕ್ಸ್86 ಮೇಲೆ ಒಂದರ ಬದಲು ಇನ್ನೊಂದು ಹಾಕಿದರೆ 192.168.1.10 ಹೋಗಿ 10.1.168.192 ಬರುತ್ತದೆ. ದೊಡ್ಡ ಬೈಟು ಮೊದಲಿರುವ ಯಂತ್ರದಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಅಂದರೆ ಅಲ್ಲಿ ಪರೀಕ್ಷೆ ಮಾಡಿದವರಿಗೆ ತಪ್ಪು ಕಾಣುವುದೇ ಇಲ್ಲ.

ಐಪಿವಿ6 ಬಂದ ಮೇಲೆ ನಿಪ್6 ಸೇರಿತು: "%04ಎಕ್ಸ್" ಎಂಟು ಸಲ, ಮಧ್ಯೆ ಕೋಲನ್. ಕೊಟ್ಟ ಆರ್ಗ್ಯುಮೆಂಟ್ ಎಂಟು ಸಲ ಲೆಕ್ಕ ಹಾಕಿಸಿಕೊಳ್ಳುತ್ತದೆ, ಪ್ರತಿ ಸಲವೂ ಬೈಟ್ ಕ್ರಮ ತಿರುಗಿಸುವ ಕರೆ. ಒಂದೇ ಸಾಲಿನಲ್ಲಿ ಮೂಲ ವಿಳಾಸ, ತಲುಪುವ ವಿಳಾಸ ಎರಡನ್ನೂ ಬರೆದರೆ 16 ಆರ್ಗ್ಯುಮೆಂಟ್. 64 ಬಿಟ್ ಎಕ್ಸ್86ನಲ್ಲಿ ಮೊದಲ ಆರು ಮಾತ್ರ ರಿಜಿಸ್ಟರ್‌ನಲ್ಲಿ ಹೋಗುತ್ತವೆ. ಮಿಕ್ಕದ್ದೆಲ್ಲ ಸ್ಟ್ಯಾಕ್ ಮೇಲೆ. ಒಂದು ಲಾಗ್ ಸಾಲಿಗೆ ಇಷ್ಟು ಮೆಷಿನ್ ಕೋಡ್, ಅಂಥ ಸಾಲುಗಳು ನೆಟ್‌ವರ್ಕ್ ಕೋಡ್ ತುಂಬಾ. ಇನ್ನೊಂದು ತಮಾಷೆ: ನಿಪ್6 ಪಾಯಿಂಟರ್ ಕೊಟ್ಟರೆ ಕಂಪೈಲ್ ಆಗುತ್ತಿರಲಿಲ್ಲ, ಪೂರ್ತಿ ಸ್ಟ್ರಕ್ಟ್ (ಹಲವು ಅಂಶಗಳನ್ನು ಒಟ್ಟಿಗೆ ಇಟ್ಟ ಗಂಟು) ಕೇಳುತ್ತಿತ್ತು. ನಿಪ್‌ಕ್ವಾಡ್ ಏನು ಕೊಟ್ಟರೂ ನುಂಗುತ್ತಿತ್ತು. ಒಂದೇ ಕುಟುಂಬದ ಎರಡು ಮ್ಯಾಕ್ರೋಗಳಿಗೆ ಎರಡು ಸ್ವಭಾವ.

ಬಫರ್ ಹಿಡಿದ ದಾರಿ

ಈಥರ್ನೆಟ್‌ನ ಮ್ಯಾಕ್ ವಿಳಾಸದ್ದೂ (ನೆಟ್‌ವರ್ಕ್ ಕಾರ್ಡಿನ ಗುರುತು) ಇದೇ ಕಥೆ. ಅದಕ್ಕೆ ಆರು ಬೈಟು, ಆರು "%02ಎಕ್ಸ್". ಬೇರೆ ಬೇರೆ ಡ್ರೈವರ್‌ಗಳು ತಮ್ಮದೇ ಮ್ಯಾಕ್ರೋ ಜೋಡಿ ಇಟ್ಟುಕೊಂಡಿದ್ದವು. 2007ರ ಅಕ್ಟೋಬರ್‌ನಲ್ಲಿ ಕರ್ನಲ್ ಡೆವಲಪರ್ ಜೋ ಪರ್ಚಸ್ ಇದಕ್ಕೊಂದು ಪರಿಹಾರ ತಂದರು. ಮೊದಲು ಡಿಕ್ಲೇರ್_ಮ್ಯಾಕ್_ಬಫ್ ಮ್ಯಾಕ್ರೋದಿಂದ 18 ಬೈಟಿನ ಬಫರ್ ಇಟ್ಟುಕೊಳ್ಳಿ: 17 ಅಕ್ಷರ, ಕೊನೆಗೊಂದು ಸೊನ್ನೆ ಬೈಟು. ಆಮೇಲೆ ಪ್ರಿಂಟ್_ಮ್ಯಾಕ್ ಎಂಬ ಫಂಕ್ಷನ್ ಅದನ್ನು ತುಂಬಿ ಕೊಡುತ್ತದೆ. ಫಾರ್ಮ್ಯಾಟ್‌ನಲ್ಲಿ ಬರೀ %ಎಸ್, ಅಂದರೆ ಒಂದು ಸ್ಟ್ರಿಂಗ್.

ಮೊದಲಿಗಿಂತ ಎಷ್ಟೋ ವಾಸಿ. ವಿಳಾಸ ಹೇಗೆ ಕಾಣಬೇಕು ಎನ್ನುವ ತಿಳಿವಳಿಕೆ ಕರೆಯುವವನ ಸಾಲಿನಿಂದ ಒಂದು ಫಂಕ್ಷನ್‌ಗೆ ಹೋಯಿತು. ಆದರೆ ಬಫರಿನ ಯಜಮಾನಿಕೆ ಇನ್ನೂ ಕರೆಯುವವನದೇ. ಒಂದೇ ಸಾಲಿನಲ್ಲಿ ಎರಡು ವಿಳಾಸ ಬೇಕಾದರೆ ಎರಡು ಬಫರ್ ಬೇಕು. ಮರೆತು ಒಂದೇ ಬಫರ್ ಎರಡು ಸಲ ಕೊಟ್ಟರೆ ಎರಡೂ ಕಡೆ ಒಂದೇ ವಿಳಾಸ ಬರುತ್ತದೆ. ಆಗಲೂ ವಾರ್ನಿಂಗ್ ಇಲ್ಲ.

ಡೀಬಗ್ ಸಾಲುಗಳಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿತ್ತು. ಆ ಸಾಲು ಬರೆಯುವ ಪಿಆರ್_ಡೀಬಗ್ ಆಗ, ಡೀಬಗ್ ಆಫ್ ಇದ್ದಾಗ, ಏನೂ ಮಾಡದ ಇನ್‌ಲೈನ್ ಫಂಕ್ಷನ್ ಆಗಿ ಬದಲಾಗುತ್ತಿತ್ತು. ಬರೀ ಖಾಲಿ ಮ್ಯಾಕ್ರೋ ಮಾಡಬಹುದಿತ್ತಲ್ವಾ? ಮಾಡಿದ್ದರೆ ಜಿಸಿಸಿ ಆ ಫಾರ್ಮ್ಯಾಟ್ ನೋಡುತ್ತಲೇ ಇರಲಿಲ್ಲ. ಯಾರೋ ಡೀಬಗ್ ಆನ್ ಮಾಡಿದ ದಿನ ಕಂಪೈಲ್ ಒಡೆಯುತ್ತಿತ್ತು. ತಪಾಸಣೆ ಉಳಿಸಲೆಂದೇ ಫಂಕ್ಷನ್ ಮಾಡಿದ್ದು. ಆದರೆ ಫಂಕ್ಷನ್ ಅಂದ ಮೇಲೆ ಅದರ ಆರ್ಗ್ಯುಮೆಂಟ್‌ಗಳು ಲೆಕ್ಕವಾಗಲೇಬೇಕು. ಲಾಗ್ ಬರುವುದಿಲ್ಲ, ಆದರೂ ಪ್ರತಿ ಪ್ಯಾಕೆಟ್‌ಗೆ ಪ್ರಿಂಟ್_ಮ್ಯಾಕ್ ಕರೆ ನಡೆಯಬಹುದು. ಒಂದು ತಪಾಸಣೆ ಉಳಿಸಲು ಹೋಗಿ ವೇಗಕ್ಕೆ ಪೆಟ್ಟು. ಈಗ ಕರ್ನಲ್‌ನಲ್ಲಿ ಇದಕ್ಕೆ ನೋ_ಪ್ರಿಂಟ್‌ಕೆ ಇದೆ: ಇಫ್(0) ಒಳಗೆ ನಿಜವಾದ ಪ್ರಿಂಟ್‌ಕೆ ಬರೆದಿಡುತ್ತದೆ. ಜಿಸಿಸಿ ತಾಳೆ ನೋಡುತ್ತದೆ, ಆಮೇಲೆ ಆ ಕೋಡನ್ನೇ ಎಸೆಯುತ್ತದೆ. ನೀವೇ ಡೀಬಗ್ ಮ್ಯಾಕ್ರೋ ಬರೆಯುವುದಾದರೆ ಬೇರೆ ಏನೂ ಬೇಡ, ಇದನ್ನೇ ಎತ್ತಿಕೊಳ್ಳಿ.

ಪಿ ನಂತರದ ಅಕ್ಷರ

2008ರ ಜುಲೈನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಬೇರೆಯೇ ಒಂದು ತಲೆನೋವಿಗೆ ಮದ್ದು ಹುಡುಕುತ್ತಿದ್ದರು. ಕರ್ನಲ್ ಬಿದ್ದಾಗ ಬರುವ ವರದಿಯಲ್ಲಿ ಕೋಡ್ ವಿಳಾಸದ ಬದಲು ಫಂಕ್ಷನ್ ಹೆಸರು ಕಾಣಬೇಕು. ಅದಕ್ಕೆ ಪ್ರಿಂಟ್_ಸಿಂಬಲ್ ಎಂಬ ಪ್ರತ್ಯೇಕ ಫಂಕ್ಷನ್ ಇತ್ತು. ಬೇರೆ ವಿಷಯದ ಜೊತೆ ಒಂದೇ ಸಾಲಿನಲ್ಲಿ ಬೆರೆಸಲು ಅದು ಒಗ್ಗುತ್ತಿರಲಿಲ್ಲ. ಫಾರ್ಮ್ಯಾಟ್‌ಗೆ ಹೊಸ ಅಕ್ಷರ ಸೇರಿಸಬಹುದು, ಆದರೆ ಜಿಸಿಸಿಗೆ ಗೊತ್ತಿಲ್ಲದ ಅಕ್ಷರ ಕಂಡರೆ ಅದು ಗೊಣಗುತ್ತದೆ. ವಾರ್ನಿಂಗ್ ಆಫ್ ಮಾಡಿದರೆ ಉಳಿದ ಸಾವಿರಾರು ಸಾಲುಗಳ ಕಾವಲೂ ಹೋಯಿತು.

ಅವರು ಹಿಡಿದದ್ದು ಈ ಸಂದಿ: %ಪಿ ಅಂದರೆ ಪಾಯಿಂಟರ್. ಜಿಸಿಸಿ ಅಲ್ಲಿ ಯಾವ ಪಾಯಿಂಟರ್ ಬಂದರೂ ಒಪ್ಪುತ್ತದೆ, ಪಾಯಿಂಟರ್ ಅಲ್ಲದ್ದು ಬಂದರೆ ವಾರ್ನಿಂಗ್ ಕೊಡುತ್ತದೆ. %ಪಿ ಮುಗಿದ ಮೇಲೆ ಬರುವ ಅಕ್ಷರ ಜಿಸಿಸಿಯ ಕಣ್ಣಿಗೆ ಬರೀ ಪಠ್ಯ. ಆದರೆ ಕರ್ನಲ್‌ನ ಫಾರ್ಮ್ಯಾಟ್ ಕೋಡ್ ಆ ಅಕ್ಷರವನ್ನು ಓದಿ "ಓ, ಎಸ್ ಇದೆ, ಹಾಗಾದರೆ ಸಿಂಬಲ್ ಹೆಸರು ಬರೆಯಬೇಕು" ಅಂತ ತಿಳಿದುಕೊಳ್ಳಬಹುದು. %ಪಿಎಸ್ ಹುಟ್ಟಿದ್ದು ಹೀಗೆ. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ ಕರ್ನಲ್ ಆವೃತ್ತಿ 2.6.27ರಲ್ಲಿ ಅದು ಬಿಡುಗಡೆಯಾಯಿತು.

ಮೊದಲ ಓದಿಗೆ ಇದೊಂದು ಕಿಲಾಡಿತನ ಅನ್ನಿಸುತ್ತದೆ. %ಪಿ ಆದ ತಕ್ಷಣ ಜಾಗ ಬಿಡದೆ ಅಕ್ಷರವನ್ನೋ ಅಂಕಿಯನ್ನೋ ಅಂಟಿಸಿ ಬರೆದವನ ಗತಿ? ಅವನ ಅಕ್ಷರಗಳನ್ನು ಕರ್ನಲ್ ನುಂಗುತ್ತದೆ. ಆದರೆ "%ಪಿಅಬಕ" ಅಂತ ಅಂಟಿಸಿ ಯಾರು ತಾನೇ ಬರೆಯುತ್ತಾರೆ? ಅಪಾಯ ಕಮ್ಮಿ, ಲಾಭ ಬಹಳ. ಈ ಲೆಕ್ಕಾಚಾರ ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ.

ಬಾಗಿಲು ತೆರೆದ ಮೇಲೆ ನೆಟ್‌ವರ್ಕ್‌ನವರು ಕಾಯಲಿಲ್ಲ. 2008ರ ಅಕ್ಟೋಬರ್, ನವೆಂಬರ್‌ನಲ್ಲಿ ಕರ್ನಲ್ ಡೆವಲಪರ್ ಹಾರ್ವೆ ಹ್ಯಾರಿಸನ್ ಸಾಲುಸಾಲಾಗಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಿದರು. ಮ್ಯಾಕ್ ವಿಳಾಸಕ್ಕೆ %ಪಿಎಂ, ಐಪಿವಿ4ಕ್ಕೆ %ಪಿಐ4, ಐಪಿವಿ6ಕ್ಕೆ %ಪಿಐ6. ಮೇಲಿನ ಸಾಲು ಈಗ ಹೀಗಾಯಿತು:

ಪ್ರಿಂಟ್‌ಕೆ(ಕರ್ನ್_ಇನ್ಫೋ "ಎಲ್ಲಿಂದ: %ಪಿಐ4", &ಮೂಲ);

ಎರಡು ಐಪಿವಿ6 ವಿಳಾಸಕ್ಕೆ 16ರ ಬದಲು ಎರಡೇ ಆರ್ಗ್ಯುಮೆಂಟ್. ಕರೆಯುವವನಿಗೆ ಬಫರಿನ ಹಂಗಿಲ್ಲ. ಡೀಬಗ್ ಆಫ್ ಇದ್ದರೆ ಹೆಚ್ಚೆಂದರೆ ಒಂದು ಪಾಯಿಂಟರ್ ಲೆಕ್ಕವಾಗುತ್ತದೆ, ಅದನ್ನೂ ಕಂಪೈಲರ್ ಕಿತ್ತುಹಾಕುತ್ತದೆ.

ಈ ಬದಲಾವಣೆಯ ನಡುವೆ ಆದ ಎರಡು ಸಣ್ಣ ಘಟನೆಗಳು ಇಡೀ ವಿನ್ಯಾಸದ ಗುಣವನ್ನೇ ತೋರಿಸುತ್ತವೆ.

ಒಂದು: ಕೋಲನ್ ಇಲ್ಲದೆ ವಿಳಾಸ ಬೇಕಾದ ಜಾಗಗಳಿದ್ದವು. ಅದಕ್ಕೆ ಮೊದಲು ಆಯ್ದುಕೊಂಡದ್ದು # ಗುರುತು. ಪ್ರಿಂಟ್‌ಎಫ್‌ನಲ್ಲಿ # ಅಂದರೆ "ಇದನ್ನೇ ಬೇರೆ ರೂಪದಲ್ಲಿ ಕೊಡು" ಅಂತ, ಹಾಗಾಗಿ ಆಯ್ಕೆ ಸಹಜವಾಗಿಯೇ ಇತ್ತು. ಆದರೆ %ಪಿ ಜೊತೆ # ಬಳಸಿದರೆ ಜಿಸಿಸಿ ವಾರ್ನಿಂಗ್ ಕೊಡುತ್ತದೆ. # ಇರುವುದು % ಮತ್ತು ಪಿ ನಡುವೆ, ಅಂದರೆ ಜಿಸಿಸಿಗೆ ಕಾಣುವ ಜಾಗದಲ್ಲಿ. ಅದನ್ನು ಕೈಬಿಟ್ಟು ಚಿಕ್ಕ ಅಕ್ಷರಕ್ಕೆ ಬಂದರು: ದೊಡ್ಡ ಐ ಇದ್ದರೆ ಕೋಲನ್ ಸಮೇತ, ಚಿಕ್ಕ ಐ ಇದ್ದರೆ ಕೋಲನ್ ಇಲ್ಲ. ಮ್ಯಾಕ್ ವಿಳಾಸದ ಎಂ ಅಕ್ಷರಕ್ಕೂ ಮುಂದೆ ಇದೇ ಪದ್ಧತಿ ಆಯಿತು. ನೋಡಲು ಏನೇನೂ ಸೊಗಸಿಲ್ಲ. ದೊಡ್ಡ ಅಕ್ಷರ, ಚಿಕ್ಕ ಅಕ್ಷರದ ಅರ್ಥ ಬಾಯಿಪಾಠವೇ ಮಾಡಬೇಕು. ಆದರೆ ಪಿ ಆದ ಮೇಲಿನ ಜಾಗ ಮಾತ್ರ ಕರ್ನಲ್‌ನದು, ಅದಕ್ಕೆ ಮುಂಚಿನದು ಕಂಪೈಲರ್‌ನದು. ಗಡಿ ಅಲ್ಲಿದೆ ಅಂತ ಗೊತ್ತಾಯಿತು.

ಎರಡು: ಮೊದಲ %ಪಿಐ4 ಅಂಕಿಗಳನ್ನು ತಿರುಗುಮುರುಗಾಗಿ ಬರೆಯುತ್ತಿತ್ತು! ಅದು ಒಳಗೆ ಬಳಸಿಕೊಂಡ ದಶಮಾಂಶ ಫಂಕ್ಷನ್ ಬಿಡಿ ಸ್ಥಾನದ ಅಂಕಿಯಿಂದ ಶುರುಮಾಡುತ್ತದೆ. ಮಾಮೂಲಿ ಸಂಖ್ಯೆ ಬರೆಯುವಾಗ ಅದನ್ನು ಕರೆಯುವ ಫಂಕ್ಷನ್ ಆಮೇಲೆ ತಿರುಗಿಸಿಕೊಳ್ಳುತ್ತದೆ. ಹೊಸ ಕೋಡ್ ತಿರುಗಿಸಿರಲಿಲ್ಲ. 192.168.1.10 ಇದ್ದದ್ದು 291.861.1.01 ಆಗಿ ಬರುವ ಪರಿಸ್ಥಿತಿ. ಒಬ್ಬರು ಗಮನಿಸಿ ಹೇಳಿದರು, ಒಂದು ಚಿಕ್ಕ ಪ್ಯಾಚ್ ಬಂತು, ಒಂದು ಫಂಕ್ಷನ್ ಸರಿಹೋಯಿತು. ಅಷ್ಟೇ, ಬಳಸಿದ ಎಲ್ಲ ಕಡೆಯೂ ಸರಿ. ನಿಪ್‌ಕ್ವಾಡ್‌ನಲ್ಲಿ ಪಾಯಿಂಟರ್ ಕೊಟ್ಟ ತಪ್ಪು ಇದ್ದಿದ್ದರೆ ಒಂದೊಂದು ಸಾಲನ್ನೂ ಕಣ್ಣಿನಿಂದ ಹುಡುಕಬೇಕಿತ್ತು.

ಈ ಎಲ್ಲವೂ 2009ರ ಮಾರ್ಚ್‌ನಲ್ಲಿ 2.6.29ರ ಜೊತೆ ಬಂತು. ನಿಪ್‌ಕ್ವಾಡ್ ಒಂದೇ ದಿನಕ್ಕೆ ಹೋಗಲಿಲ್ಲ. ಬಳಕೆ ಪೂರ್ತಿ ನಿಂತ ಮೇಲೆ ಅದನ್ನೂ ಹೆಡರ್ ಫೈಲಿನಿಂದ ತೆಗೆದರು.

ಕೊಟ್ಟ ಬೆಲೆ

ಪುಕ್ಕಟೆ ಏನೂ ಬರಲಿಲ್ಲ. ಪಾಯಿಂಟರ್ ಹೌದೋ ಅಲ್ಲವೋ ಎಂದು ಜಿಸಿಸಿ ನೋಡುತ್ತದೆ, ಯಾವುದರ ಪಾಯಿಂಟರ್ ಎಂದು ನೋಡುವುದಿಲ್ಲ. %ಪಿಐ6ಗೆ ನಾಲ್ಕು ಬೈಟಿನ ವಿಳಾಸ ಕೊಟ್ಟರೆ ಪಕ್ಕದ 12 ಬೈಟನ್ನೂ ಓದಿ ಪ್ರಿಂಟ್ ಮಾಡುತ್ತದೆ. ನಿಪ್6 ಕಾಲದಲ್ಲಿ ಈ ತಪ್ಪು ಕಂಪೈಲ್ ಆಗುತ್ತಲೇ ಇರಲಿಲ್ಲ. ಅಂದರೆ ಒಂದು ಕಡೆ ಕಾವಲು ಹೆಚ್ಚಿತು, ಇನ್ನೊಂದು ಕಡೆ ಇಳಿಯಿತು. ಕೆಟ್ಟ ಪಾಯಿಂಟರ್ ಬಂದರೆ ಯಂತ್ರವೇ ಬೀಳುವ ಸಾಧ್ಯತೆಯೂ ಸೇರಿತು. ಶೂನ್ಯ ಪಾಯಿಂಟರ್, ದೋಷ ಸಂಖ್ಯೆಯನ್ನೇ ಪಾಯಿಂಟರ್ ವೇಷದಲ್ಲಿ ಕಳಿಸಿದ್ದು, ಇಂಥವನ್ನು ಗುರುತಿಸಿ ವಿಳಾಸದ ಬದಲು ಒಂದು ದೋಷಸೂಚನೆ ಬರೆಯುವ ಏರ್ಪಾಡು 2019ರಲ್ಲಿ ಗಟ್ಟಿಯಾಯಿತು.

ಲೆಕ್ಕ ಹಾಕಿ ಬಂದ ವಿಳಾಸವನ್ನು ನೇರ ಕೊಡುವ ಹಾಗಿಲ್ಲ, ಮೊದಲು ವೇರಿಯಬಲ್‌ನಲ್ಲಿಟ್ಟು & ಹಾಕಬೇಕು. ಇದು ನಿಪ್‌ಕ್ವಾಡ್‌ಗೂ ಇದ್ದ ಕೊರತೆ, ಹಾಗೇ ಮುಂದುವರಿಯಿತು. ಕರ್ನಲ್ ಓಡುವಾಗ ಏನೇನಾಯಿತು ಅಂತ ದಾಖಲಿಸುವ ಟ್ರೇಸಿಂಗ್‌ನವರ ಗೋಳು ಬೇರೆ. ಅಲ್ಲಿ ಮಾಹಿತಿಯನ್ನು ಈಗ ಬೈನರಿಯಲ್ಲಿ ಬರೆದಿಟ್ಟು, ಪ್ರಿಂಟ್ ಮಾಡುವುದು ಆಮೇಲೆ. ಅಷ್ಟರಲ್ಲಿ ಪಾಯಿಂಟರ್ ತೋರಿಸುತ್ತಿದ್ದ ಜಾಗ ಬೇರೆ ಯಾರದೋ ಆಗಿರಬಹುದು. ಹಾಗಾಗಿ ವಿಳಾಸವನ್ನೇ ದಾಖಲೆಯೊಳಗೆ ನಕಲು ಮಾಡಿ, ಆ ನಕಲಿಗೆ ಪಾಯಿಂಟರ್ ಕೊಡಬೇಕು. ಟ್ರೇಸ್ ಓದುವ ಹೊರಗಿನ ಟೂಲ್‌ಗಳು ಈ ಅಕ್ಷರಗಳ ಅರ್ಥವನ್ನು ತಾವೂ ಪ್ರತ್ಯೇಕವಾಗಿ ಕಲಿಯಬೇಕು.

ಕಂಪೈಲರ್ ನಿಮ್ಮದೇ ಆಗಿದ್ದರೆ ಈ ಬೆಲೆ ಕೊಡಬೇಕಾಗಿಲ್ಲ. ಪ್ಲಾನ್ 9 ಎಂಬ ಆಪರೇಟಿಂಗ್ ಸಿಸ್ಟಂ ಇದಕ್ಕೆ ಸಾಕ್ಷಿ. ಅಲ್ಲಿ ಫಾರ್ಮ್ಯಾಟ್ ಅಕ್ಷರಕ್ಕೆ ನಿಮ್ಮದೇ ಫಂಕ್ಷನ್ ನೋಂದಾಯಿಸಬಹುದು. %ಐ ಅಂದರೆ ಐಪಿ ವಿಳಾಸ, %ಇ ಅಂದರೆ ಈಥರ್ನೆಟ್ ವಿಳಾಸ. ಯಾವ ಅಕ್ಷರಕ್ಕೆ ಯಾವ ಟೈಪ್ ಬರಬೇಕು ಅಂತ ಒಂದು ಪ್ರಾಗ್ಮಾ ಸಾಲಿನಲ್ಲಿ ಕಂಪೈಲರ್‌ಗೂ ಹೇಳಬಹುದು, ಅದು ತಾಳೆ ನೋಡುತ್ತದೆ. ಅಕ್ಷರವೂ ಚೊಕ್ಕ, ತಪಾಸಣೆಯೂ ಪೂರ್ತಿ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಕರ್ನಲ್‌ನಲ್ಲಿ %ಬಿ ಮತ್ತು %ಡಿ (ದೊಡ್ಡಕ್ಷರದ ಡಿ) ಇವೆ. ಮೊದಲನೆಯದು ರಿಜಿಸ್ಟರ್‌ನ ಬಿಟ್‌ಗಳನ್ನು ಹೆಸರು ಹಿಡಿದು ಬರೆಯುತ್ತದೆ. ಎರಡನೆಯದಕ್ಕೆ ಪಾಯಿಂಟರ್ ಜೊತೆಗೆ ಕೋಲನ್ ಕೂಡ ಕೊಟ್ಟರೆ ಮ್ಯಾಕ್ ವಿಳಾಸ ಬರುತ್ತದೆ. ಈ ಅಕ್ಷರಗಳು ಕಂಪೈಲರ್‌ಗೆ ಅರ್ಥವಾಗಲೆಂದು ಕ್ಲಾಂಗ್ ಎಂಬ ಕಂಪೈಲರ್‌ನಲ್ಲಿ ಫ್ರೀಬಿಎಸ್‌ಡಿಗೆಂದೇ ಒಂದು ಫಾರ್ಮ್ಯಾಟ್ ಗುರುತು ಇದೆ. ಲಿನಕ್ಸ್‌ಗೆ ಆ ಸೌಕರ್ಯ ಇರಲಿಲ್ಲ. ಬೇರೆಯವರ ಕಂಪೈಲರ್, ಅದರಲ್ಲೂ ಹಳೆಯ ಹೊಸ ಆವೃತ್ತಿ ಎಲ್ಲವೂ ನಡೆಯಬೇಕು. ಬಾಡಿಗೆ ಮನೆಯಲ್ಲಿದ್ದು ಗೋಡೆ ಒಡೆಯದೆ ಕಪಾಟು ಕೂರಿಸಿದ ಹಾಗೆ ಈ %ಪಿ ಉಪಾಯ. ಈಗ ಪ್ಯಾಚ್ ಪರೀಕ್ಷಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್, ಗೊತ್ತಿಲ್ಲದ ಅಕ್ಷರ %ಪಿ ನಂತರ ಬಂದರೆ ಹೇಳುತ್ತದೆ. ಅದು ಅಕ್ಷರ ನೋಡುತ್ತದೆ, ಟೈಪ್ ಅಲ್ಲ.

ಅಕ್ಷರ ಆರಿಸುವುದೂ ಸುಲಭದ ಕೆಲಸವಲ್ಲ. %ಪಿಎಸ್ ಜೊತೆಗೇ %ಪಿಎಫ್ ಅಂತ ಇನ್ನೊಂದು ಬಂದಿತ್ತು. ಐಎ64, 64 ಬಿಟ್ ಪವರ್‌ಪಿಸಿ, ಪಿಎ-ರಿಸ್ಕ್ ಯಂತ್ರಗಳಲ್ಲಿ ಫಂಕ್ಷನ್ ಪಾಯಿಂಟರ್ ಎಂದರೆ ಕೋಡ್ ಇರುವ ವಿಳಾಸವಲ್ಲ, ಆ ವಿಳಾಸ ಬರೆದಿಟ್ಟ ಇನ್ನೊಂದು ಜಾಗ. %ಪಿಎಫ್ ಒಂದು ಹೆಜ್ಜೆ ಜಾಸ್ತಿ ಹೋಗಿ ನಿಜವಾದ ವಿಳಾಸ ತರುತ್ತಿತ್ತು. ಎಕ್ಸ್86ನಲ್ಲಿ ಎರಡೂ ಒಂದೇ. ಮುಕ್ಕಾಲು ಪಾಲು ಜನ ಕೆಲಸ ಮಾಡುವುದು ಎಕ್ಸ್86 ಮೇಲೆ, ಆದ್ದರಿಂದ ಕೈಗೆ ಸಿಕ್ಕಿದ್ದನ್ನು ಬಳಸಿದರು. ತಪ್ಪು ಬೇರೆ ಯಂತ್ರದಲ್ಲಿ ಮಾತ್ರ ಹೊರಬರುತ್ತಿತ್ತು. ಹಿಪ್‌ಕ್ವಾಡ್‌ನ ಹಳೇ ರೋಗ ಹೊಸ ವೇಷದಲ್ಲಿ ಬಂದಿತ್ತು ಅಷ್ಟೇ. ಕೊನೆಗೆ ಯಾವ ಪಾಯಿಂಟರ್ ಅಂತ %ಪಿಎಸ್ ತಾನೇ ಪತ್ತೆ ಹಚ್ಚುವಂತೆ ಮಾಡಿ, 2019ರಲ್ಲಿ %ಪಿಎಫ್ ತೆಗೆದರು. ಕರೆಯುವವನು ಎಕ್ಸ್86 ಮುಂದೆ ಕೂತು ಪರೀಕ್ಷಿಸಲಾಗದ ಆಯ್ಕೆಯನ್ನು ಅವನ ಕೈಗೆ ಕೊಡಲೇಬಾರದಿತ್ತು.

ಸುಮಾರು 14,000 ಸಾಲು, ಒಂದು ಪ್ಯಾಚ್

ಈ ವಿನ್ಯಾಸದ ಅತಿ ದೊಡ್ಡ ಲಾಭವನ್ನು 2008ರಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬರೀ %ಪಿ, ಹಿಂದೆ ಯಾವ ಅಕ್ಷರವೂ ಇಲ್ಲದ್ದು, ಕರ್ನಲ್ ಮೆಮೊರಿಯ ನಿಜವಾದ ವಿಳಾಸವನ್ನು ಲಾಗ್‌ಗೆ ಬರೆಯುತ್ತಿತ್ತು. ಬೂಟ್ ಆಗುವಾಗಲೆಲ್ಲ ಕರ್ನಲ್ ತನ್ನ ಜಾಗ ಬದಲಿಸಿಕೊಂಡು ದಾಳಿಕೋರರಿಂದ ಬಚ್ಚಿಟ್ಟುಕೊಳ್ಳುತ್ತದೆ. ಲಾಗ್‌ನಲ್ಲಿ ವಿಳಾಸ ಸಿಕ್ಕಿಬಿಟ್ಟರೆ ಬಚ್ಚಿಟ್ಟುಕೊಂಡು ಏನು ಪ್ರಯೋಜನ? ಕರ್ನಲ್ ಡೆವಲಪರ್ ಟೋಬಿನ್ ಹಾರ್ಡಿಂಗ್ ತಮ್ಮ ಪ್ಯಾಚ್‌ನ ವಿವರಣೆಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಅಂಥ ಬರೀ %ಪಿ ಬಳಕೆ ಸುಮಾರು 14,000 ಕಡೆ ಇತ್ತು. ಒಂದೊಂದನ್ನೂ ಸರಿಮಾಡುತ್ತಾ ಕೂತರೆ ಮುಗಿಯುವ ಮಾತಲ್ಲ.

ಅವರು %ಪಿಯ ಅರ್ಥವನ್ನೇ ಬದಲಿಸಿದರು. 2018ರ ಜನವರಿಯಲ್ಲಿ ಬಂದ 4.15ರಿಂದ %ಪಿ ನಿಜವಾದ ವಿಳಾಸದ ಬದಲು ಅದರ ಹ್ಯಾಶ್ (ವಿಳಾಸವನ್ನು ಕಲಸಿ ಮಾಡಿದ ಬದಲಿ ಸಂಖ್ಯೆ) ಬರೆಯುತ್ತದೆ. ಬೂಟ್‌ಗೊಂದು ಗುಟ್ಟಿನ ಕೀಲಿ. ಹಾಗಾಗಿ ಒಂದೇ ಬೂಟ್‌ನೊಳಗೆ ಒಂದು ಪಾಯಿಂಟರ್‌ಗೆ ಯಾವಾಗಲೂ ಒಂದೇ ಹ್ಯಾಶ್ ಬರುತ್ತದೆ, ಎರಡು ಸಾಲು ಹೋಲಿಸಿ ನೋಡಲು ಅಡ್ಡಿಯಿಲ್ಲ. ನಿಜವಾದ ವಿಳಾಸ ಬೇಕೇ ಬೇಕು ಅನ್ನುವವರು %ಪಿಎಕ್ಸ್ ಅಂತ ಬರೆಯಬೇಕು, ಪ್ಯಾಚ್ ಪರಿಶೀಲಿಸುವವರು ಯಾಕೆ ಅಂತ ಕೇಳುತ್ತಾರೆ. ಕೆಲವರ ಡೀಬಗ್ ಸ್ಕ್ರಿಪ್ಟ್‌ಗಳು ಮುರಿದವು, ನಿಜ. ಆದರೆ 14,000 ಸಾಲು ಮುಟ್ಟದೆ ಆದ ಕೆಲಸ ಇದು.

ಹೀಗಂತ ಮ್ಯಾಕ್ರೋ ಎಲ್ಲ ಕೆಟ್ಟದ್ದೇನಲ್ಲ. ಕರ್ನ್_ಇನ್ಫೋವನ್ನೇ ನೋಡಿ. ಅದು ಮೊದಲು "<6>" ಎಂಬ ಮೂರು ಅಕ್ಷರ ಆಗಿತ್ತು. 2012ರಲ್ಲಿ ಅದನ್ನು ಎರಡು ಬೈಟಿಗೆ ಇಳಿಸಿದರು: ಒಂದು ಕಂಟ್ರೋಲ್ ಅಕ್ಷರ, ಒಂದು ಅಂಕಿ. ಹೆಸರು ಹಾಗೇ ಉಳಿದದ್ದರಿಂದ ಬಳಸುವ ಸಾಲುಗಳನ್ನು ಮುಟ್ಟಬೇಕಾಗಲಿಲ್ಲ. ಪಿಆರ್_ಎಫ್‌ಎಂಟಿ ಕೂಡ ಇದೇ ಜಾತಿಯದು. ಡ್ರೈವರ್ ಫೈಲಿನ ತಲೆಯಲ್ಲಿ ಅದನ್ನು "ಮಾಡ್ಯೂಲ್ ಹೆಸರು, ಕೋಲನ್, ಆಮೇಲೆ ಸಂದೇಶ" ಅಂತ ಬರೆದುಕೊಂಡರೆ ಆ ಫೈಲಿನ ಎಲ್ಲ ಪಿಆರ್_ಇನ್ಫೋ ಸಾಲುಗಳಿಗೂ ಹೆಸರು ಅಂಟಿಕೊಳ್ಳುತ್ತದೆ. ಆದರೆ ಇನ್‌ಕ್ಲೂಡ್ ಸಾಲುಗಳಿಗಿಂತ ಮೊದಲೇ ಬರೆಯಬೇಕು. ಕೆಳಗೆ ಬರೆದರೆ ಅಷ್ಟರಲ್ಲಿ ಹೆಡರ್ ಫೈಲು "ಯಾರೂ ಕೊಟ್ಟಿಲ್ಲ" ಅಂದುಕೊಂಡು ತನ್ನದನ್ನು ಇಟ್ಟುಕೊಂಡಿರುತ್ತದೆ, ಎರಡನೇ ಸಲ ವ್ಯಾಖ್ಯೆ ಕೊಟ್ಟಿದ್ದೀರಿ ಅಂತ ಕಂಪೈಲರ್ ಬೈಯುತ್ತದೆ. ಈ ಮ್ಯಾಕ್ರೋಗಳು ಸ್ಟ್ರಿಂಗ್‌ಗೆ ಸ್ಟ್ರಿಂಗ್ ಅಂಟಿಸುತ್ತವೆ ಅಷ್ಟೇ, ಆರ್ಗ್ಯುಮೆಂಟ್ ಮುಟ್ಟುವುದಿಲ್ಲ. ನಿಪ್‌ಕ್ವಾಡ್ ಮಾಡಿದ್ದು ಆ ಮುಟ್ಟುವ ಕೆಲಸವನ್ನೇ: ಟೈಪ್ ತಿರುಗಿಸಿ ಆರ್ಗ್ಯುಮೆಂಟ್ ಒಳಗೆ ಕೈ ಹಾಕಿತು.

ಸಂದೇಶದ ಮುಂದೆ ಡಿವೈಸ್ ಹೆಸರು ಸೇರಿಸುವುದು ಮ್ಯಾಕ್ರೋಗೆ ಆಗದ ಕೆಲಸ, ಯಾಕೆಂದರೆ ಆ ಹೆಸರು ಗೊತ್ತಾಗುವುದು ಕೋಡ್ ಓಡುವಾಗ. ಎರಡು ಪ್ರಿಂಟ್‌ಕೆ ಮಾಡಿದರೆ ನಡುವೆ ಇನ್ನೊಂದು ಸಿಪಿಯುವಿನ ಸಾಲು ನುಗ್ಗಬಹುದು. ಇದಕ್ಕೂ 2010ರಲ್ಲಿ ಬಂದ ಉತ್ತರ ಪಿ ನಂತರದ ಇನ್ನೊಂದು ಅಕ್ಷರವೇ: %ಪಿವಿ. ಫಾರ್ಮ್ಯಾಟ್ ಸ್ಟ್ರಿಂಗ್ ಮತ್ತು ಅದರ ಆರ್ಗ್ಯುಮೆಂಟ್ ಪಟ್ಟಿ ಎರಡನ್ನೂ ಒಂದು ಚಿಕ್ಕ ಸ್ಟ್ರಕ್ಟ್‌ನಲ್ಲಿಟ್ಟು ಪಾಯಿಂಟರ್ ಕೊಟ್ಟರೆ, ಫಾರ್ಮ್ಯಾಟ್ ಕೋಡ್ ತನ್ನೊಳಗೆ ತನ್ನನ್ನೇ ಕರೆದುಕೊಂಡು ಅದನ್ನು ಬಿಡಿಸುತ್ತದೆ. ಬಫರ್ ಬೇಡ, ಸಾಲು ಒಂದೇ. ನಿಮ್ಮ ಹೊದಿಕೆ ಫಂಕ್ಷನ್‌ಗೆ ಪ್ರಿಂಟ್‌ಎಫ್ ಗುರುತು ಅಂಟಿಸುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಜಿಸಿಸಿಯ ತಾಳೆ ಆ ಫಂಕ್ಷನ್‌ನ ಬಾಗಿಲಲ್ಲೇ ನಿಂತುಹೋಗುತ್ತದೆ.

2022ರ ಡಿಸೆಂಬರ್‌ನಲ್ಲಿ ಬಂದ 6.1ರ ಜೊತೆ ಕರ್ನಲ್ ಒಳಗೆ ರಸ್ಟ್ ಭಾಷೆ ಕಾಲಿಟ್ಟಿತು. ರಸ್ಟ್‌ನ ಫಾರ್ಮ್ಯಾಟ್ ಮ್ಯಾಕ್ರೋಗಳು ಕಂಪೈಲ್ ಆಗುವಾಗಲೇ ಟೈಪ್ ಪೂರ್ತಿ ತಾಳೆ ನೋಡುತ್ತವೆ, ಯಾವುದರ ಪಾಯಿಂಟರ್ ಎನ್ನುವ ಪ್ರಶ್ನೆಯೇ ಏಳುವುದಿಲ್ಲ. ಆದರೆ ಆ ಸಂದೇಶವೂ ಕೊನೆಗೆ ಅದೇ ಹಳೆಯ ಲಾಗ್ ಬಫರ್‌ಗೆ, ಪ್ರಿಂಟ್‌ಕೆ ಮೂಲಕವೇ ಹೋಗಬೇಕು. ಅದಕ್ಕೆ ಮಾಡಿದ ಏರ್ಪಾಡು %ಪಿಎ, ದೊಡ್ಡಕ್ಷರದ ಎ. ರಸ್ಟ್ ಕಟ್ಟಿಕೊಟ್ಟ ಆರ್ಗ್ಯುಮೆಂಟ್ ಗಂಟಿಗೆ ಒಂದು ಪಾಯಿಂಟರ್ ಬರುತ್ತದೆ, ಸಿ ಕೋಡ್ ಆ ಅಕ್ಷರ ನೋಡಿ ಮತ್ತೆ ರಸ್ಟ್‌ನ ಫಂಕ್ಷನ್ ಕರೆಯುತ್ತದೆ. ಸಿ ಕೋಡ್‌ನಲ್ಲಿ ಇದನ್ನು ಬಳಸಬೇಡಿ ಅಂತ ಕರ್ನಲ್‌ನ ದಾಖಲೆಯಲ್ಲೇ ಬರೆದಿದ್ದಾರೆ.